ಬಿನ್ ಎಂಬ ಎರಡಕ್ಷರ

ನಮ್ಮ ಮನೆಯಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ರೂಢಿ. ಎರಡೇ ಹೆಸರು ತಲೆಮಾರು ಬಿಟ್ಟು ತಲೆಮಾರು ಸುತ್ತುತ್ತಿವೆ. ಹಳೆಯ ಕಾಗದದಲ್ಲಿ ಹೆಸರು ಸಿಕ್ಕರೂ ಅದು ಅಜ್ಜನದೋ ಮೊಮ್ಮಗನದೋ ತಿಳಿಯದು. ಮುತ್ತಜ್ಜನವರೆಗೆ ಹೇಗೋ ಹೋದೆ. ಅವನ ಅಪ್ಪನ ಹತ್ತಿರ ದಾರಿ ನಿಂತುಬಿಟ್ಟಿತು.

ಮುತ್ತಜ್ಜನ ಬಗ್ಗೆ ಅಜ್ಜಿ ಹೇಳುತ್ತಿದ್ದುದು ಒಂದೇ ಮಾತು: "ಅಂವ ಧಾತು ಈಶ್ವರ ಬರದಾಗ ಬಂದ ಹುಡುಗ." ಧಾತು, ಈಶ್ವರ ಎಂದರೆ ಸಂವತ್ಸರಗಳು, ಒಂದೊಂದೂ ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ. 1936ರಲ್ಲಿ ಧಾತು ಮತ್ತೆ ಬಂದಾಗ ನಮ್ಮಜ್ಜನೇ ಗಳೆ ಹೊಡೆಯುತ್ತಿದ್ದ. ಹಾಗಾದರೆ ಅದು 1876-78ರ ಬರವೇ ಸೈ.

ಟ್ರಂಕಿನಲ್ಲಿ ಮೋಡಿ ಎಂಬ ಹಳೆಯ ಲಿಪಿಯ ಒಂದು ಕಾಗದವಿತ್ತು. ಓದುವವರನ್ನು ಹುಡುಕಲು ಮೂರು ತಿಂಗಳು ಅಲೆದೆ. ಲೇಖನಿ ಎತ್ತದೆ ಬರೆದ ಬರಹ, ಪದದಿಂದ ಪದಕ್ಕೆ ತೆರಪಿಲ್ಲ. ಕೊನೆಗೆ ಹಿರಿಯರೊಬ್ಬರು ಓದಿ ಹೇಳಿದರು: ಎತ್ತು ಕೊಳ್ಳಲು ಮಾಡಿದ ಸಾಲದ ಪತ್ರ, ಸಾಲ ಮಾಡಿದವರು ಬೇರೆ ಯಾರೋ!

ನವಲಗುಂದ ಸೀಮೆಯ ನಮ್ಮೂರು ಆಗ ಮುಂಬಯಿ ಪ್ರಾಂತದಲ್ಲಿತ್ತು. ಅಲ್ಲಿ ಹೊಲ ಯಾರದೆಂದು ಬರೆದಿಡುವ ಹಕ್ಕುದಾಖಲೆ ಕಾಯ್ದೆ ಬಂದದ್ದು 1903ರಲ್ಲಿ. ಅಂದರೆ ಬರಗಾಲದ ಹುಡುಗ ಹುಡುಗನಾಗಿ ಸಿಗುವುದಿಲ್ಲ. ದೊಡ್ಡವನಾಗಿ, ಹೊಲ ಅವನ ಕೈಗೆ ಬಂದ ವಾರಸಾ ನೋಂದಣಿಯಲ್ಲೇ ಸಿಗಬೇಕು. ನಾನು ಮಾಡಿದ ತಪ್ಪೆಂದರೆ ಅಡ್ಡಹೆಸರು ಹಿಡಿದು ಹುಡುಕಿದ್ದು. ರೆಕಾರ್ಡ್ ರೂಮಿನಲ್ಲಿ ಎರಡು ಸಲ "ಸಿಗಲಿಲ್ಲ" ಎಂಬ ಉತ್ತರ ಬಂತು. ಮೂರನೇ ಸಲ ಹೆಸರು ಬಿಟ್ಟು ಸರ್ವೆ ನಂಬರ್ ಬರೆದು ಕೊಟ್ಟೆ. ಹೊಲ ಹಿಸ್ಸೆಯಾಗಿ ಮೂರು ತುಂಡಾಗಿದೆ, ಮೂಲ ನಂಬರ್ ಮಾತ್ರ ಅದೇ. ಈಗಿನ ಉತಾರದಿಂದ (ಪಹಣಿ) ಕೈಬರಹದ ಉತಾರ, ಅದರ ಅಂಚಿನಲ್ಲಿದ್ದ ನೋಂದಣಿ ಸಂಖ್ಯೆಯಿಂದ ಹಕ್ಕು ಬದಲಾವಣೆ ಪುಸ್ತಕ, ಹೀಗೆ ಒಂದೊಂದೇ ಹಿಂದಕ್ಕೆ ನಡೆದೆ.

ಅಂಚು ಉದುರಿದ ಹಾಳೆ. ಮೇಲೆ ಒಬ್ಬ ಹೆಂಗಸಿನ ಹೆಸರು, ಅದರ ಮುಂದೆ "ಕೋಂ" ಎಂದು ಗಂಡನ ಹೆಸರು. ಅವಳು ತೀರಿಕೊಂಡಿದ್ದರಿಂದ ಹೊಲ ನಮ್ಮವನಿಗೆ. ಅವನ ಹೆಸರಿನ ಮುಂದೆ "ಬಿನ್", ಅಂದರೆ ಇಂಥವನ ಮಗ, ಎಂದು ಅದೇ ಗಂಡನ ಹೆಸರು, ಪಕ್ಕದಲ್ಲಿ ಸಣ್ಣದಾಗಿ "ದತ್ತಕ".

ತಲೆಯಲ್ಲಿ, ಮನೆಮನೆಗೆ ಬಂದು ವಂಶಾವಳಿ ಓದುವ ಹೆಳವನ ಮಾತು ಸುಳಿಯಿತು. ಹೋದ ಸುಗ್ಗಿಯಲ್ಲಿ ವಂಶ ಓದುವಾಗ ಅವನು ಈ ಹಿರಿಯನಿಗೆ ಬೇರೆ ಊರು, ಬೇರೆ ಅಪ್ಪನನ್ನು ಹೇಳಿದ್ದ. ತಪ್ಪು ಮನೆಯ ಹಾಳೆ ತೆಗೆದಿದ್ದಾನೆಂದು ನಾನು ನಕ್ಕಿದ್ದೆ. ಅವನು ಹೇಳಿದ್ದು ಹೆತ್ತ ಅಪ್ಪನನ್ನು, ಸರಕಾರ ಬರೆದುಕೊಂಡದ್ದು ದತ್ತಕದ ಅಪ್ಪನನ್ನು. ಹುಡುಗ ಊರಿಗೆ ಬರುವ ಮೊದಲೇ ಈ ಎರಡನೆಯವನು ಸತ್ತಿದ್ದನೆಂದು ನನ್ನ ಲೆಕ್ಕ. ಯಾಕೆಂದರೆ ಮನೆಯ ಯಾವ ಕಥೆಯಲ್ಲೂ ಅವನಿಲ್ಲ. ಬರದಲ್ಲಿ ಹುಡುಗನಿಗೆ ಅನ್ನ ಹಾಕಿದವಳು, ಹೊಲ ಉಳಿಸಿ ಕೊಟ್ಟವಳು ಆ ಮುದುಕಿ. ಅವಳೂ ಕಥೆಯಲ್ಲಿಲ್ಲ.

ಈ ಸಲ ಹೆಳವ ಬಂದಾಗ ಮೊರದ ತುಂಬ ಜೋಳ ಹಾಕಿ, ಅವಳ ತವರು ಯಾವೂರು ಎಂದು ಕೇಳಿದೆ. ಪುಸ್ತಕ ತಿರುವಿ ಹಾಕಲೂ ಇಲ್ಲ.

"ಹೆಣ್ಮಕ್ಕಳನ್ನ ಬರಕೊಳ್ಳೂದಿಲ್ರಿ ನಾವು."