ಕೊಡಗಿನ ಚಳಿ-ಮಳೆಯಲ್ಲಿ ತಲೆಗೆ ಎಣ್ಣೆ ತಿಕ್ಕುವ ಕ್ರಮ

ಕೊಡಗಿನಲ್ಲಿ ತಲೆಗೆ ಎಣ್ಣೆ ಹಚ್ಚುವ ಮೊದಲು ಆಕಾಶ ನೋಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅದರಲ್ಲೂ ಕಕ್ಕಡ ತಿಂಗಳಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ), ಬೆಳಿಗ್ಗೆ ತೊಳೆದ ಉದ್ದ ಕೂದಲು ಸಂಜೆಯಾದರೂ ಬುಡದಲ್ಲಿ ತಣ್ಣಗೇ ಇರುತ್ತದೆ. ಆ ಒದ್ದೆಗೆ ಜಿಡ್ಡೂ ಸೇರಿದರೆ ಹೊಟ್ಟು, ತುರಿಕೆ, ಮುಗ್ಗಲು ವಾಸನೆ ಮೂರೂ ಒಟ್ಟಿಗೆ ಬರುತ್ತವೆ. ಆದ್ದರಿಂದ ಮಳೆ ಹೊಳವಾದ ದಿನ ನೋಡಿಕೊಂಡು ಬೆಳಿಗ್ಗೆ ಹತ್ತರೊಳಗೆ ಶುರು ಮಾಡಿ. ಬೇಸಿಗೆಯಲ್ಲಿ ವಾರಕ್ಕೆ ಎರಡು ಸಲ, ಮಳೆಗಾಲದಲ್ಲಿ ಒಂದು ಸಲ ಸಾಕು.

ಎಣ್ಣೆಗೆ ಗರುಗದ ಸೊಪ್ಪು, ಅಂದರೆ ಭೃಂಗರಾಜ, ಗದ್ದೆ ಬದುಗಳಲ್ಲೇ ಸಿಗುತ್ತದೆ. ಹೂವು ಚಿಕ್ಕದು, ಬಿಳಿ. ಎಲೆಯನ್ನು ಅಂಗೈಯಲ್ಲಿ ಹಾಕಿ ಉಜ್ಜಿ ಸ್ವಲ್ಪ ಹೊತ್ತು ಬಿಡಿ: ಹಸಿರು ರಸ ಕಪ್ಪಾಗುತ್ತಾ ಬಂದರೆ ಅದೇ ಸರಿಯಾದ ಗಿಡ. ಹಳದಿ ಹೂವಿನದು ಬೇರೆ ಜಾತಿ. ಕಳೆನಾಶಕ ಹೊಡೆದ ಗದ್ದೆಯದ್ದನ್ನು ಮುಟ್ಟಲೇಬೇಡಿ.

ತೈಲ ಕಾಯಿಸುವ ಹಳೆಯ ಲೆಕ್ಕ ಹೀಗಿದೆ: ಅರೆದ ಮುದ್ದೆ 1 ಭಾಗ, ಎಣ್ಣೆ 4, ರಸ 16. ಅಂದರೆ ಕಾಲು ಲೀಟರ್ ಕೊಬ್ಬರಿ ಎಣ್ಣೆಗೆ ಸುಮಾರು 60 ಗ್ರಾಂ ಮುದ್ದೆ, ಒಂದು ಲೀಟರ್ ರಸ. ಸೊಪ್ಪು ಅಷ್ಟು ಸಿಗದಿದ್ದರೆ ನೀರು ಬೆರೆಸಿ ಅರೆದು ಹಿಂಡಿದರೂ ಆಗುತ್ತದೆ. ಮುದ್ದೆಗೆ ಕರಿಬೇವು, ಬೀಜ ತೆಗೆದ ನೆಲ್ಲಿಕಾಯಿ ಸಾಕು. ಮೆಂತ್ಯ ಹಾಕುವವರಿದ್ದಾರೆ, ಆದರೆ ಅದು ಲೋಳೆಯಾಗಿ ತಳಹಿಡಿಯುತ್ತದೆ, ಬಿಟ್ಟರೇ ಒಳ್ಳೆಯದು. ದಪ್ಪ ತಳದ ಉರುಳಿಯಲ್ಲಿ ಎಲ್ಲವನ್ನೂ ಸೇರಿಸಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಕಾಯಿಸಿ. ಎರಡು ಮೂರು ಗಂಟೆ ಹಿಡಿಯುತ್ತದೆ.

ಇಳಿಸುವ ಹೊತ್ತು ತಪ್ಪಿದರೆ ಮಾಡಿದ್ದೆಲ್ಲ ವ್ಯರ್ಥ. ಚಟಪಟ ಸದ್ದು ಕಡಿಮೆಯಾಗಿ ಮೇಲೆ ನೊರೆ ಏಳತೊಡಗಿದಾಗ ಸ್ವಲ್ಪ ಮುದ್ದೆಯನ್ನು ಚಮಚದಲ್ಲಿ ತೆಗೆದು ಆರಿಸಿ, ಎರಡು ಬೆರಳ ನಡುವೆ ಹೊಸೆದು ನೋಡಿ. ಬೆರಳಿಗೆ ಅಂಟಿದರೆ ಇನ್ನೂ ನೀರಿದೆ. ಮೆತ್ತಗೆ ಬತ್ತಿಯಂತೆ ಉರುಳಿದರೆ ಆಯಿತು. ಮರಳಿನಂತೆ ಪುಡಿಯಾದರೆ ಸೀದಿದೆ. ಅನುಮಾನವಿದ್ದರೆ ಆ ಬತ್ತಿಯನ್ನು ಉರಿಗೆ ಹಿಡಿಯಿರಿ. ಸಿಡಿದರೆ ನೀರು ಉಳಿದಿದೆ ಎಂದರ್ಥ. ಬಿಸಿಯಿರುವಾಗಲೇ ಒಣ ಬಟ್ಟೆಯಲ್ಲಿ ಸೋಸಿ, ಪೂರ್ತಿ ಆರಿದ ಮೇಲೆಯೇ ಗಾಜಿನ ಬಾಟಲಿಗೆ ಮುಚ್ಚಳ ಹಾಕಿ. ಬಿಸಿಯಲ್ಲೇ ಮುಚ್ಚಿದರೆ ಹಬೆ ಒಳಗೇ ನೀರಾಗಿ ಇಳಿದು, ಮಳೆಗಾಲ ಮುಗಿಯುವುದರೊಳಗೆ ಎಣ್ಣೆ ಕೆಟ್ಟು ಕಮಟು ವಾಸನೆ ಬರುತ್ತದೆ.

ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಮಡಿಕೇರಿಯ ಕಡೆ ಬಹುಪಾಲು ಬೆಳಗುಗಳಲ್ಲಿ ಬಾಟಲಿ ಗಟ್ಟಿಯಾಗಿಯೇ ಇರುತ್ತದೆ. ಅದನ್ನು ಒಲೆಯ ಮೇಲಿಡಬೇಡಿ. ಬೇಕಾದಷ್ಟನ್ನು ಬಟ್ಟಲಿಗೆ ತೆಗೆದು, ಆ ಬಟ್ಟಲನ್ನು ಬಿಸಿನೀರಿನಲ್ಲಿ ಐದು ನಿಮಿಷ ಇಡಿ. ಮಣಿಕಟ್ಟಿಗೆ ಒಂದು ತೊಟ್ಟು ಹಾಕಿದಾಗ ಹಿತವಾಗಿ ಬೆಚ್ಚಗಿರಬೇಕು. ಬೇಗ ಶೀತವಾಗುವವರಿಗೆ ಎಳ್ಳೆಣ್ಣೆ ಮೇಲು. ಆಯುರ್ವೇದದಲ್ಲಿ ಕೊಬ್ಬರಿ ಎಣ್ಣೆ ತಂಪು, ಎಳ್ಳೆಣ್ಣೆ ಉಷ್ಣ.

ಹಚ್ಚುವ ಮೊದಲು ಒಣ ಕೂದಲನ್ನು ತುದಿಯಿಂದ ಮೇಲಕ್ಕೆ ಬಾಚಿ ಸಿಕ್ಕು ಬಿಡಿಸಿ. ಒದ್ದೆ ಕೂದಲು ಉಬ್ಬಿ ಮೆತ್ತಗಾಗಿರುತ್ತದೆ, ಎಳೆದರೆ ತುಂಡಾಗುತ್ತದೆ. ಭುಜದವರೆಗಿನ ಕೂದಲಿಗೆ ಮೂರು ನಾಲ್ಕು ಟೀ ಚಮಚ, ಸೊಂಟದವರೆಗಿದ್ದರೆ ಆರು. ಇನ್ನೂ ಹೆಚ್ಚು ಸುರಿದರೆ ತೊಳೆಯಲು ಹೆಚ್ಚು ಸೀಗೆ ಬೇಕಾಗುತ್ತದೆ, ಕೂದಲು ಮತ್ತೆ ಒರಟಾಗುತ್ತದೆ.

ಹುಬ್ಬುಗಳ ನಡುವಿನಿಂದ ಎಂಟು ಬೆರಳು ಮೇಲೆ, ನೆತ್ತಿಯ ಮೇಲೆ ಮೊದಲ ಚಮಚ ಹಾಕಿ ಅಂಗೈಯಿಂದ ಮೆಲ್ಲಗೆ ಒತ್ತಿ, ಒಂದು ನಿಮಿಷ ಸುತ್ತಿಸಿ. ಉಳಿದದ್ದನ್ನು ಬೈತಲೆ ತೆಗೆಯುತ್ತಾ ಸಾಲುಸಾಲಾಗಿ ಬುಡಕ್ಕೆ ಹಚ್ಚಿ. ಬೆರಳ ತುದಿ ಊರಿದ ಜಾಗದಲ್ಲೇ ಇರಲಿ. ಅಲ್ಲಾಡಬೇಕಾದ್ದು ನೆತ್ತಿಯ ಚರ್ಮ. ಕೂದಲ ಮೇಲೆ ಬೆರಳು ಜಾರಿಸಿ ತಿಕ್ಕಿದರೆ ಸಿಕ್ಕಾಗಿ ಕಿತ್ತು ಬರುತ್ತದೆ. ಮುಂದಲೆಯಿಂದ ನೆತ್ತಿಗೆ, ಕಿವಿಯ ಮೇಲಿನಿಂದ ನೆತ್ತಿಗೆ, ಹಿಂಗುತ್ತಿಗೆಯಿಂದ ಮೇಲಕ್ಕೆ, ಹೀಗೆ ಒಟ್ಟು ಹತ್ತು ಹನ್ನೆರಡು ನಿಮಿಷ. ಕಣತಲೆಯಲ್ಲಿ ಬರೀ ಸವರಿ. ಕಾಫಿ ಕೊಯ್ಲಿನ ದಿನಗಳಲ್ಲಿ ಬೆರಳ ತುದಿ ಬಿರುಕು ಬಿಟ್ಟಿರುತ್ತದೆ, ಒಂದೊಂದು ಕೂದಲೂ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಮೊದಲು ಕೈಗಳಿಗೇ ಚೆನ್ನಾಗಿ ಎಣ್ಣೆ ತಿಕ್ಕಿ, ಉಗುರು ಕತ್ತರಿಸಿ ಕೂರಿ.

ಸಡಿಲವಾಗಿ ಕಟ್ಟಿ ಅರ್ಧ ಮುಕ್ಕಾಲು ಗಂಟೆ ಬಿಡಿ. ರಾತ್ರಿಯಿಡೀ ಬಿಡುವ ವಾಡಿಕೆ ಇಲ್ಲಿಯ ಹವೆಗೆ ಒಗ್ಗುವುದಿಲ್ಲ. ಹೊಟ್ಟಿಗೆ ಕಾರಣವಾಗುವ ಬೂಷ್ಟು ಎಣ್ಣೆಯನ್ನೇ ತಿಂದು ಬೆಳೆಯುತ್ತದೆ.

ತೊಳೆಯಲು ಎರಡು ಮೂರು ಚಮಚ ಸೀಗೆಪುಡಿಯನ್ನು ಗಂಜಿ ತಿಳಿಯಲ್ಲಿ ಕಲಸಿ, ಹದಿನೈದಿಪ್ಪತ್ತು ದಾಸವಾಳದ ಎಲೆ ಹಿಸುಕಿದ ಲೋಳೆ ಸೇರಿಸಿ. ಹಂಡೆಯಲ್ಲಿ ಕುದಿಯುವ ನೀರಿದೆಯೆಂದು ಅದನ್ನೇ ತಲೆಗೆ ಸುರಿದುಕೊಳ್ಳಬೇಡಿ. ಬಿಸಿನೀರು ಮೈಗೆ ಬಲ, ತಲೆಗೆ ಸುರಿದರೆ ಕೂದಲಿಗೂ ಕಣ್ಣಿಗೂ ಕೆಡುಕು ಎಂದು ಆಯುರ್ವೇದದ ಹಳೆಯ ಗ್ರಂಥಕಾರ ವಾಗ್ಭಟನೇ ಹೇಳಿದ್ದಾನೆ. ಉಗುರುಬೆಚ್ಚಗಿನದು ಸಾಕು. ಹತ್ತಿ ಬಟ್ಟೆಯಲ್ಲಿ ಒತ್ತಿ ನೀರು ತೆಗೆದು, ಒಲೆಯಿಂದ ಮೂರ್ನಾಲ್ಕು ಅಡಿ ದೂರ ಕೂತು ಬುಡ ಒಣಗಿಸಿ. ಸಾಂಬ್ರಾಣಿ ಹೊಗೆ ಹಿಡಿಯುವುದಿದ್ದರೆ ಕೊನೆಗೆ. ಉಬ್ಬಸವಿರುವವರಿಗೆ ಅದು ಬೇಡ. ಬುಡ ಒಣಗುವವರೆಗೆ ಜಡೆ ಹೆಣೆಯಬೇಡಿ.

ಜ್ವರ, ನೆಗಡಿ, ಅಜೀರ್ಣ, ತಲೆಯಲ್ಲಿ ಗಾಯ ಅಥವಾ ಕುರು ಇದ್ದ ದಿನ ಎಣ್ಣೆ ಬೇಡ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಜೋರು ಜ್ವರ ಅಥವಾ ಹೆರಿಗೆಯಾದ ಎರಡು ಮೂರು ತಿಂಗಳಿಗೆ ಹಿಡಿಹಿಡಿಯಾಗಿ ಉದುರಿದರೆ ಅದು ಹೆಚ್ಚಿನವರಲ್ಲಿ ತಾನಾಗಿ ನಿಲ್ಲುತ್ತದೆ. ರಕ್ತಹೀನತೆಯಿಂದಲೋ ಥೈರಾಯ್ಡ್‌ನಿಂದಲೋ ಉದುರುವುದನ್ನು ಯಾವ ತೈಲವೂ ತಡೆಯದು, ರಕ್ತ ಪರೀಕ್ಷೆ ಮಾಡಿಸಿ. ದುಂಡಗೆ ಬೋಳಾದ ಮಚ್ಚೆ ಕಂಡರೆ ತಿಕ್ಕುವುದನ್ನು ನಿಲ್ಲಿಸಿ ಚರ್ಮದ ಡಾಕ್ಟರಿಗೆ ತೋರಿಸಿ.