ಸೋಪಿನ ಸಂಡಿಗೆ: ಅಟ್ಟದ ಮೇಲಿದ್ದ ಹದಿನಾರು ಕಿಲೋದಲ್ಲಿ ಹೆಚ್ಚಿನದನ್ನು ಖಾಲಿ ಮಾಡಿದ ನನ್ನ ಅನುಭವ

2025ರ ಸಂಕ್ರಾಂತಿಗೆ ಅಟ್ಟ ಗುಡಿಸಲು ಹತ್ತಿದಾಗ ಎಣಿಸಿದೆ. ನಾನೇ ಮನೆಯಲ್ಲಿ ಮಾಡಿದ ಮೈಸೋಪಿನ ಬಿಲ್ಲೆಗಳು ನೂರ ಅರವತ್ತರ ಹತ್ತಿರ ಇದ್ದವು. ಬಿಲ್ಲೆಗೆ ನೂರು ಗ್ರಾಂ ಹಿಡಿದರೂ ಹದಿನಾರು ಕಿಲೋ. ಮೂರು ವರ್ಷದಿಂದ ಪ್ರತಿ ತಿಂಗಳೂ ಒಂದು ಅಚ್ಚು ಹಾಕುತ್ತಾ ಬಂದವಳು ನಾನು. ತಿಪಟೂರಿನ ಕಡೆ ಅಣ್ಣನ ತೋಟವಿರುವುದರಿಂದ ಕೊಬ್ಬರಿ ಎಣ್ಣೆ ಗಾಣದಿಂದ ನೇರವಾಗಿ ಬರುತ್ತಿತ್ತು, ಆಗ ಕಿಲೋಗೆ ಇನ್ನೂರು ರೂಪಾಯಿಯ ಆಸುಪಾಸು. ಎಣ್ಣೆ ಅಗ್ಗವಿದ್ದಾಗ ಕೈ ನಿಲ್ಲುವುದಿಲ್ಲ. ಸೋಪು ಮಾಡುವ ಎಲ್ಲರಿಗೂ ಇದು ಗೊತ್ತು.

ಹಂಚುವುದರಲ್ಲಿ ಏನೂ ಕಡಿಮೆ ಮಾಡಿರಲಿಲ್ಲ. ಅರಿಶಿನ ಕುಂಕುಮಕ್ಕೆ ಬಂದವರಿಗೆ ತಾಂಬೂಲದ ಜೊತೆ ಕೊಟ್ಟೆ. ಕೊನೆಗೆ ನಾದಿನಿಯೇ, "ಅತ್ತಿಗೆ, ನಮ್ಮ ಮನೆಯಲ್ಲಿ ಹೋದ ವರ್ಷದ್ದೇ ಇದೆ" ಎಂದಳು. ಮಾರೋಣವೆಂದರೆ ಮೈಸೋಪು ಕಾನೂನಿನ ಪ್ರಕಾರ ಸೌಂದರ್ಯವರ್ಧಕ. 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಮಾರಾಟಕ್ಕೆಂದು ತಯಾರಿಸುವವರಿಗೆ ಪರವಾನಗಿ ಬೇಕು. ಅಡುಗೆಮನೆಯಲ್ಲಿ ಕಲಕುವ ನನಗೆ ಅದು ಆಗುವ ಮಾತಲ್ಲ. ಹಾಗಾಗಿ ಬಟ್ಟೆ ಒಗೆಯುವ ಪುಡಿ ಮಾಡುತ್ತೇನೆ ಎಂದು ಹೊರಟೆ.

ಯಾರೂ ಒಪ್ಪಲಿಲ್ಲ. ಮಧುಗಿರಿಯಲ್ಲಿ ನನಗಿಂತ ಮೊದಲಿನಿಂದ ಸೋಪು ಮಾಡುವ ಗೆಳತಿಯೊಬ್ಬರಿದ್ದಾರೆ. "ಮೈಸೋಪಿನಲ್ಲಿ ಬಿಟ್ಟ ಎಣ್ಣೆ ಬಟ್ಟೆಗೆ ಅಂಟುತ್ತದೆ, ನಮ್ಮ ಬೋರ್‌ವೆಲ್ ನೀರಿಗೆ ನೊರೆಯ ಬದಲು ಗಷ್ಟು ಬರುತ್ತದೆ, ಬಿಡಿ" ಎಂದರು. ಅವರು ಹೇಳಿದ ಎರಡೂ ತೊಂದರೆ ನಿಜ. ಎರಡಕ್ಕೂ ದಾರಿಯಿದೆ ಎಂದು ತೋರಿಸಲು ನನಗೆ ನಾಲ್ಕು ತಿಂಗಳು ಹಿಡಿಯಿತು.

ಮೊದಲ ಸೋಲು ತುರಿಯುವುದರಲ್ಲಿ. ಮೂರು ಬಿಲ್ಲೆ ತುರಿಯುವಷ್ಟರಲ್ಲಿ ಹೆಬ್ಬೆರಳು ಊದಿತು. ಉಳಿದದ್ದನ್ನು ಚೂರು ಮಾಡಿ ಮಿಕ್ಸಿಗೆ ಹಾಕಿದೆ. ಒಳಗೆ ಇನ್ನೂ ನೀರಿದ್ದ ಸೋಪು ಬ್ಲೇಡಿನ ಸುತ್ತ ಹಿಟ್ಟಿನ ಉಂಡೆಯಂತೆ ಸುತ್ತಿಕೊಂಡು ಮೋಟಾರ್ ಸುಟ್ಟಿತು. ರಿಪೇರಿಗೆ ಆರುನೂರೈವತ್ತು ರೂಪಾಯಿ. ಹೇಗೋ ಮಾಡಿದ ಒಂದು ಕಿಲೋ ಪುಡಿಗೆ ಅಂಗಡಿಯ ಹರಳು ವಾಷಿಂಗ್ ಸೋಡಾ ಬೆರೆಸಿ ಡಬ್ಬಿಗೆ ತುಂಬಿದೆ. ಹದಿನೈದು ದಿನಕ್ಕೆ ಡಬ್ಬಿಯಲ್ಲಿ ಕಲ್ಲು. ಹರಳು ಸೋಡಾದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುತ್ತದೆ, ಅದು ಸೋಪಿಗೆ ಇಳಿದಿತ್ತು. ಈಗ ಸೋಡಾ ಆಶ್ ಎಂದು ಸಿಗುವ ಒಣ ಪುಡಿಯನ್ನೇ ತರುತ್ತೇನೆ, ಆಗ ಕಿಲೋಗೆ ಅರವತ್ತು ರೂಪಾಯಿ ಬಿತ್ತು.

ಎರಡನೆಯ ಸೋಲು ಟವೆಲ್‌ಗಳದ್ದು. ನಾಲ್ಕು ಸಲ ಒಗೆದ ಮೇಲೆ ಟವೆಲ್ ನೀರನ್ನೇ ಹೀರುತ್ತಿರಲಿಲ್ಲ, ಮುಟ್ಟಿದರೆ ಮೇಣ ಸವರಿದ ಹಾಗೆ. ಗೆಳತಿಯ ಮಾತು ನಿಜವಾಗಿತ್ತು. ನಾನು ಎಲ್ಲ ಅಚ್ಚುಗಳಿಗೂ ಶೇಕಡಾ 8ರ ಸೂಪರ್‌ಫ್ಯಾಟ್ ಇಡುತ್ತೇನೆ, ಅಂದರೆ ಅಷ್ಟು ಎಣ್ಣೆಯನ್ನು ಸೋಪಾಗಿಸದೆ ಹಾಗೇ ಬಿಡುತ್ತೇನೆ. ಮೈಗೆ ಹಿತವಾದ ಆ ಎಣ್ಣೆಯೇ ಬಟ್ಟೆಗೆ ಶತ್ರು.

ಅದನ್ನು ಮುಗಿಸಲು ಒಂದೇ ದಾರಿ, ಉಳಿದ ಎಣ್ಣೆಯನ್ನೂ ಸೋಪಾಗಿಸುವಷ್ಟು ಕಾಸ್ಟಿಕ್ ಸೋಡಾ ಕೊಟ್ಟು ಮತ್ತೆ ಬೇಯಿಸುವುದು. ನನ್ನ ನೋಟುಪುಸ್ತಕ ಇಲ್ಲಿ ಕೈಹಿಡಿಯಿತು. ಹೆಚ್ಚಿನ ಅಚ್ಚುಗಳ ಎಣ್ಣೆ, ಕಾಸ್ಟಿಕ್, ತಾರೀಖು ಎಲ್ಲ ಬರೆದಿಟ್ಟಿದ್ದೆ. ಎರಡು ಕಿಲೋ ಒಣ ಸೋಪೆಂದರೆ ಹೆಚ್ಚುಕಡಿಮೆ ಒಂದೂವರೆ ಕಿಲೋ ಕೊಬ್ಬರಿ ಎಣ್ಣೆ. ಅದರ ಶೇಕಡಾ 8 ಎಂದರೆ 120 ಗ್ರಾಂ. ಒಂದು ಗ್ರಾಂ ಕೊಬ್ಬರಿ ಎಣ್ಣೆ ಸೋಪಾಗಲು 0.183 ಗ್ರಾಂ ಕಾಸ್ಟಿಕ್ ಎಂಬ ಲೆಕ್ಕದಲ್ಲಿ 22 ಗ್ರಾಂ ಬೇಕು. ನಾನು 18 ಹಾಕಿದೆ, ಕಾಸ್ಟಿಕ್ ಹೆಚ್ಚಾಗಿ ಉಳಿದರೆ ಚರ್ಮ ಸುಡುತ್ತದೆ. ಕೈಯಲ್ಲಿ ಒಗೆಯುವವರ ಚರ್ಮದ ಮೇಲೆ ಪ್ರಯೋಗ ಮಾಡುವ ಹಕ್ಕು ನನಗಿಲ್ಲ. ಲೆಕ್ಕವಿಲ್ಲದ ಬಿಲ್ಲೆಗಳಿಗೆ ಕಾಸ್ಟಿಕ್ ಮುಟ್ಟಿಸಲೇ ಇಲ್ಲ. ಅವು ನೆಲ ಒರೆಸಲು ಹೋದವು.

ಬೇಯಿಸುವುದು ಸೋಪು ಮಾಡುವವರಿಗೆಲ್ಲ ಗೊತ್ತೇ ಇದೆ. ಕುದಿಯುವ ನೀರಿನ ಮೇಲೆ ಸ್ಟೀಲ್ ಪಾತ್ರೆ, ಆಗಾಗ ಕಲಕುತ್ತಾ ಮೂರು ನಾಲ್ಕು ಗಂಟೆ. ಬೆಂದ ಸೋಪು ರಾಗಿ ಮುದ್ದೆಯ ಹದಕ್ಕೆ ಬಂದಾಗ ಮುಂದೇನು ಎಂಬುದೇ ನನ್ನ ದೊಡ್ಡ ಚಿಂತೆಯಾಗಿತ್ತು. ಅಚ್ಚಿಗೆ ಹಾಕಿದರೆ ಮತ್ತೆ ತುರಿಯಬೇಕು, ಮತ್ತೆ ಹೆಬ್ಬೆರಳು.

ಆ ದಿನ ಅತ್ತೆ ತಾರಸಿಯ ಮೇಲೆ ಅಕ್ಕಿ ಸಂಡಿಗೆ ಹಾಕುತ್ತಿದ್ದರು. ಒರಳಿನಿಂದ ಎಳೆಎಳೆಯಾಗಿ ಬೀಳುತ್ತಿದ್ದ ಹಿಟ್ಟನ್ನು ನೋಡಿ ಕೆಳಗೆ ಓಡಿದೆ. ಹಳೆಯ ಸ್ಟೀಲ್ ಚಕ್ಕುಲಿ ಒರಳು ತೆಗೆದುಕೊಂಡು, ಬಿಸಿ ಸೋಪು ತುಂಬಿ, ಪ್ಲಾಸ್ಟಿಕ್ ಹಾಳೆಯ ಮೇಲೆ ಒತ್ತಿದೆ. "ಏನಮ್ಮಾ ಇದು, ಸೋಪಿಗೂ ಸಂಡಿಗೆಯೇ? ಒಣಗುವುದಿಲ್ಲ, ಬಿಸಿಲಿಗೆ ಕರಗಿ ಹಾಳೆಗೆ ಹತ್ತುತ್ತದೆ ನೋಡು" ಎಂದರು ಅತ್ತೆ. ಒರಳಿಗೆ ಓಮಪುಡಿಯ ಸಣ್ಣ ತೂತಿನ ಬಿಲ್ಲೆ ಹಾಕಿದ್ದಾಗ ತೂತುಗಳು ಕಟ್ಟಿಕೊಂಡವು. ಖಾರಸೇವೆಯ ಬಿಲ್ಲೆ ಹಾಕಿದ ಮೇಲೆ ಸಲೀಸಾಗಿ ಇಳಿಯಿತು. ತೀರಾ ಬಿಸಿಯಿದ್ದರೆ ಎಳೆಗಳು ಒಂದಕ್ಕೊಂದು ಅಂಟುತ್ತವೆ, ತಣ್ಣಗಾದರೆ ಒರಳು ತಿರುಗುವುದೇ ಇಲ್ಲ. ಇವೆರಡರ ನಡುವಿನ ಹದವನ್ನು ಹೆಚ್ಚು ಹೊತ್ತು ಹಿಡಿದಿಡಲು ತುಂಬುವ ಮುನ್ನ ನಾನೊಂದು ಕೆಲಸ ಮಾಡುತ್ತೇನೆ. ಅದೊಂದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಫೆಬ್ರುವರಿ ಕೊನೆಯ ತುಮಕೂರಿನ ಬಿಸಿಲು. ಐದನೆಯ ದಿನಕ್ಕೆ ಎಳೆಗಳು ಗರಿಗರಿಯಾದವು. ಬೆರಳಲ್ಲಿ ಮುರಿದರೆ ಟಕ್ ಎನ್ನಬೇಕು. ಬಾಗಿದರೆ ಒಳಗೆ ನೀರಿದೆ, ಇನ್ನೆರಡು ದಿನ ಬಿಡಿ. ಕಾಗೆಗಳ ಮೇಲೆ ಮಾತ್ರ ಕಣ್ಣಿಡಬೇಕು. ಕೊಬ್ಬರಿಯ ವಾಸನೆಗೋ ಏನೋ ಮೊದಲ ದಿನವೇ ಒಂದು ಸಾಲು ಎತ್ತಿಕೊಂಡು ಹೋದವು, ಆಮೇಲೆ ಹಳೆಯ ವಾಯಿಲ್ ಸೀರೆ ಹೊದಿಸಿದೆ. ಒಣಗಿದ ಎಳೆಗಳು ಅದೇ ಮಿಕ್ಸಿಯಲ್ಲಿ ಹತ್ತು ಸೆಕೆಂಡಿಗೆ ರವೆಯಾದವು. ಜಾರಿನ ಮುಚ್ಚಳವನ್ನು ಕೂಡಲೇ ತೆಗೆಯಬೇಡಿ, ಸೋಪಿನ ಧೂಳು ಮೂಗಿಗೆ ಹೋದರೆ ಅರ್ಧ ದಿನ ಸೀನು. ಆ ಜಾರು, ಆ ಒರಳು ಈಗ ಅಡುಗೆಗಿಲ್ಲ.

ಬೆರಕೆ ಇಷ್ಟೇ: ಸೋಪು ಎರಡು ಪಾಲು, ಸೋಡಾ ಆಶ್ ಒಂದು ಪಾಲು, ತೂಕದಲ್ಲಿ. ಗಡಸು ನೀರಿನಲ್ಲಿ ಗೆಲುವು ಬಂದದ್ದು ಬಳಸುವ ಕ್ರಮದಿಂದ. ಬಕೆಟ್ಟಿಗೆ ಮೊದಲು ಬರೀ ಸೋಡಾ ಅರ್ಧ ಚಮಚ ಹಾಕಿ ಕಲಕಿ ಐದು ನಿಮಿಷ ಬಿಡುತ್ತೇನೆ. ನೀರಿನ ಸುಣ್ಣವನ್ನು ಸೋಡಾ ಹಿಡಿದುಕೊಳ್ಳುತ್ತದೆ, ಸೋಪಿಗೆ ಉಳಿಸುವುದಿಲ್ಲ. ಆಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಿದ ಎರಡು ಚಮಚ ಪುಡಿ. ಕೊನೆಯ ಜಾಲಾಟಕ್ಕೆ ಚಿಟಿಕೆ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ), ಬಟ್ಟೆ ಸೆಟೆಯುವುದಿಲ್ಲ. ಮಗನ ಬಿಳಿ ಯೂನಿಫಾರಂನ ಕಾಲರ್ ಅಂಗಡಿಯ ಪುಡಿಗೂ ಬಿಡದ ಕಪ್ಪನ್ನು ಬಿಟ್ಟಿತು. ಅದರ ಫೋಟೋ ಕಳಿಸಿದ ಮೇಲೆ ಮಧುಗಿರಿಯ ಗೆಳತಿ ಮಾರನೆಯ ವಾರವೇ ಬಸ್ ಹತ್ತಿ ಬಂದು, ಒರಳು ಹಿಡಿದು ನೋಡಿದರು.

ರೇಷ್ಮೆ, ಉಣ್ಣೆಗೆ ಈ ಪುಡಿ ಖಂಡಿತ ಬೇಡ. ಕ್ಷಾರ ಅವುಗಳ ಎಳೆಯನ್ನೇ ತಿನ್ನುತ್ತದೆ. ಅವಕ್ಕೆ ನಮ್ಮ ಅಂಟುವಾಳವೇ ಸರಿ. ಪಾತ್ರೆ ತೊಳೆಯಲೂ ಬಳಸಿ ನೋಡಿದೆ. ಸ್ಟೀಲ್ ಫಳಫಳ ಎಂದಿತು, ಆದರೆ ಅತ್ತೆಯ ಎರಡು ಅಲ್ಯೂಮಿನಿಯಂ ಪಾತ್ರೆಗಳು ಕಪ್ಪಾದವು. ಹುಣಸೆಹಣ್ಣು ಹಾಕಿ ಕುದಿಸಿದ ಮೇಲೆ ಅರ್ಧ ಬೆಳಗಾದವು. ಒಗೆದ ನೀರನ್ನು ಕರಿಬೇವಿನ ಬುಡಕ್ಕೆ ಬಿಟ್ಟದ್ದು ಇನ್ನೊಂದು ತಪ್ಪು, ತಿಂಗಳಲ್ಲಿ ಎಲೆ ಹಳದಿಯಾಯಿತು.

ಗಿಡದ ಮಾತು ಬಂತು, ಇದನ್ನೂ ಹೇಳಿಬಿಡುತ್ತೇನೆ. ದಾಸವಾಳಕ್ಕೆ ಹಿಟ್ಟುತಿಗಣೆ ಹತ್ತಿತ್ತು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬೇವು ಮತ್ತು ಹೊಂಗೆಯ ಸೋಪುಗಳನ್ನು ತರಕಾರಿ ಬೆಳೆಯ ಕೀಟಗಳಿಗೆಂದೇ ರೂಪಿಸಿದ್ದಾರೆ. ಆ ಧೈರ್ಯದಲ್ಲಿ, ನಾನು ಹಿಂದೊಮ್ಮೆ ಮಾಡಿ ವಾಸನೆಗೆ ಯಾರೂ ಮುಟ್ಟದಿದ್ದ ಹೊಂಗೆ ಸೋಪನ್ನು ಲೀಟರಿಗೆ ಐದು ಗ್ರಾಂ ಕರಗಿಸಿ ಸಂಜೆ ಸಿಂಪಡಿಸಿದೆ, ಸೋಡಾ ಬೆರೆಸದೆ. ಮೂರು ಸಲಕ್ಕೆ ತಿಗಣೆ ಹೋಯಿತು. ಒಮ್ಮೆ ಮಧ್ಯಾಹ್ನ ಸಿಂಪಡಿಸಿದ್ದಕ್ಕೆ ಎಳೆಯ ಚಿಗುರೆಲ್ಲ ಸುಟ್ಟುಹೋಯಿತು.

ದುಡ್ಡಿನ ವಿಷಯ. ಸೋಡಾ ಐನೂರರ ಒಳಗೆ, ಗ್ಯಾಸ್ ಅರ್ಧ ಸಿಲಿಂಡರ್, ಕಾಸ್ಟಿಕ್ ಇಪ್ಪತ್ತು ರೂಪಾಯಿಯೂ ಆಗಿಲ್ಲ. ಮಿಕ್ಸಿ ರಿಪೇರಿ ಸೇರಿ ಒಟ್ಟು ಸಾವಿರದ ಆರುನೂರು. ಪುಡಿ ಸಿಕ್ಕಿದ್ದು ಹದಿನೇಳು ಹದಿನೆಂಟು ಕಿಲೋ. ನಮ್ಮ ಮನೆಗೆ ಒಂಬತ್ತು ತಿಂಗಳು ಬಟ್ಟೆಯ ಪುಡಿ ಕೊಂಡಿಲ್ಲ, ತಿಂಗಳಿಗೆ ಮುನ್ನೂರೈವತ್ತು ಉಳಿಯಿತು. ಅಕ್ಕಪಕ್ಕದವರು ಆರು ಕಿಲೋ ಒಯ್ದು ಕಿಲೋಗೆ ಎಂಬತ್ತರಂತೆ ಗ್ಯಾಸಿನ ಖರ್ಚೆಂದು ಕೊಟ್ಟರು. ಆದರೆ ಇದಕ್ಕಾಗಿಯೇ ಹೊಸ ಎಣ್ಣೆ ತರಬೇಡಿ. ಅದೇ ವರ್ಷ ಕೊಬ್ಬರಿ ಕ್ವಿಂಟಾಲಿಗೆ ಇಪ್ಪತ್ತು ಸಾವಿರ ದಾಟಿ, ಎಣ್ಣೆ ನಾನೂರರ ಮೇಲೆ ಹೋಯಿತು. ಇದು ಉಳಿದ ಸೋಪಿಗೆ ಮಾತ್ರ ಸಲ್ಲುವ ಲೆಕ್ಕ.

ಸೂರ್ಯಕಾಂತಿ ಎಣ್ಣೆ ಹೆಚ್ಚು ಹಾಕಿದ್ದ ಇಪ್ಪತ್ತು ಬಿಲ್ಲೆಗಳು ಅಟ್ಟದಲ್ಲೇ ಉಳಿದವು. ಕಿತ್ತಳೆ ಚುಕ್ಕೆ ಬಿದ್ದು ಕಮಟು ವಾಸನೆ ಹಿಡಿದಿರುವ ಅವನ್ನು ಬೇಯಿಸಿದರೂ ವಾಸನೆ ಬಟ್ಟೆಗೆ ಹತ್ತುತ್ತದೆ. ಎರಡನ್ನು ಬಡಗಿ ಒಯ್ದಿದ್ದಾನೆ, ಗರಗಸಕ್ಕೂ ಬಿಗಿಯಾದ ಕಿಟಕಿಗೂ ಉಜ್ಜಲು. ಇನ್ನು ಹದಿನೆಂಟು ಉಳಿದಿವೆ.