ಒಡವೆಗೆ ತಕ್ಕ ಪೆಟ್ಟಿಗೆ: ಕೊಳ್ಳುವ ಮುಂಚೆ ಏನೇನು ನೋಡಬೇಕು

ಮೈಸೂರಿನ ಅಶೋಕ ರಸ್ತೆಯಲ್ಲಿ ನೆಕ್ಲೇಸ್ ಕೊಂಡರೆ ಅದರ ಜೊತೆಗೆ ಒಂದು ವೆಲ್ವೆಟ್ ಡಬ್ಬಿಯೂ ಬರುತ್ತದೆ. ಅದನ್ನು ಹಾಗೇ ಬೀರುವಿನಲ್ಲಿಟ್ಟು ಮುಂದಿನ ಮದುವೆಯವರೆಗೆ ಮರೆಯುವವರೇ ಹೆಚ್ಚು. ಆ ಡಬ್ಬಿ ಮಾಡಿರುವುದು ಒಡವೆ ಅಂಗಡಿಯಲ್ಲಿ ಚೆನ್ನಾಗಿ ಕಾಣಲಿ, ಮನೆಗೆ ಒಯ್ಯುವಾಗ ಅಲುಗದಿರಲಿ ಅಂತ. ಒಳಗೆ ರಟ್ಟು, ಅಂಟು, ಸ್ಪಂಜು; ಮೇಲೆ ಬಣ್ಣದ ಬಟ್ಟೆ. ಸ್ಪಂಜು ಹಳತಾದಂತೆ ಪುಡಿಯಾಗಿ ಜಿಗುಟಾಗುತ್ತದೆ. ಆ ಜಿಗುಟು ಕೆತ್ತನೆಯ ಸಂದಿಗೆ ಹೊಕ್ಕರೆ ತೆಗೆಯುವುದು ಅಕ್ಕಸಾಲಿಗೂ ತಲೆನೋವು.

ಹೊಸ ಪೆಟ್ಟಿಗೆ ಹುಡುಕುವ ಮುಂಚೆ ಇರುವ ಒಡವೆಯನ್ನೆಲ್ಲ ಒಂದು ಬಿಳಿ ಪಂಚೆಯ ಮೇಲೆ ಹರಡಿ ನೋಡಿ. ವರಮಹಾಲಕ್ಷ್ಮಿ ಹಬ್ಬದ ಮಾರನೆಯ ದಿನ ಇದಕ್ಕೆ ಸರಿಯಾದ ಹೊತ್ತು, ಅಮ್ಮನವರಿಗೆ ಹಾಕಿದ್ದೆಲ್ಲ ಹೇಗೂ ಹೊರಗೇ ಇರುತ್ತದೆ. ಕುಂಕುಮ, ಹೂವಿನ ಎಸಳು, ಎಣ್ಣೆಯ ಜಿಡ್ಡನ್ನು ಒಣಬಟ್ಟೆಯಲ್ಲಿ ಒರೆಸಿ ಐದು ಗುಂಪು ಮಾಡಿ: ಬರೀ ಚಿನ್ನ, ಕಲ್ಲಿನ ಒಡವೆ, ಮುತ್ತು-ಹವಳ, ಬೆಳ್ಳಿ, ಒನ್ ಗ್ರಾಂ ಗೋಲ್ಡ್. ಒಂದೊಂದು ಗುಂಪಿಗೆ ಒಂದೊಂದು ಶತ್ರು. ಐದನ್ನೂ ಒಂದೇ ಖಾನೆಯಲ್ಲಿ ಕೂಡಿಸುವ ಪೆಟ್ಟಿಗೆ ಎಷ್ಟು ಚೆಂದವಿದ್ದರೂ ದಂಡ.

ಗೀರು ಬೀಳುವುದು ಯಾಕೆ

ಖನಿಜಗಳ ಗಡಸುತನ ಹೇಳುವ ಮೋಸ್ ಅಳತೆಯಲ್ಲಿ ವಜ್ರ 10, ಮಾಣಿಕ್ಯ ಮತ್ತು ನೀಲ 9. ಚಿನ್ನ, ಮುತ್ತು, ಹವಳಗಳು 3ರ ಆಸುಪಾಸಿನಲ್ಲೇ ಇವೆ. ವಜ್ರದ ಓಲೆಯ ಪಕ್ಕ ಮುತ್ತಿನ ಸರ ಇಟ್ಟು ಪೆಟ್ಟಿಗೆ ಎತ್ತಿ ಇಳಿಸಿದರೆ ಸಾಕು, ಮುತ್ತಿನ ಮೈಮೇಲೆ ಗೀರು. ವಜ್ರ ಇನ್ನೊಂದು ವಜ್ರವನ್ನೂ ಗೀರಬಲ್ಲದು, ಆದ್ದರಿಂದ ಜೋಡಿ ಓಲೆಯಾದರೂ ಎರಡು ಗೂಡು ಬೇಕು. ಖಾನೆಗಳ ನಡುವಿನ ಗೋಡೆ ಮುಚ್ಚಳಕ್ಕೆ ತಾಗುವಷ್ಟು ಎತ್ತರವಿರಲಿ. ಅಂಗಡಿಯಲ್ಲೇ ಪೆಟ್ಟಿಗೆಗೆ ಒಂದು ಉಂಗುರ ಹಾಕಿ, ಮುಚ್ಚಿ, ಓರೆ ಮಾಡಿ ಅಲ್ಲಾಡಿಸಿ. ಉಂಗುರ ಪಕ್ಕದ ಖಾನೆಗೆ ಹಾರಿದ್ದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ.

ಪೆಟ್ಟಿಗೆ ಯಾವುದರದ್ದು

ಮೈಸೂರು ಅಂದಮೇಲೆ ಮೊದಲು ಕಣ್ಣಿಗೆ ಬೀಳುವುದು ಬೀಟೆ ಮರದ ಇನ್‌ಲೇ ಪೆಟ್ಟಿಗೆ. ಮೈಸೂರಿನದೇ ಎಂದು ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಪಡೆದ ಕಸುಬು ಅದು, ಕೊಳ್ಳಿ, ತಪ್ಪೇನಿಲ್ಲ. ಆದರೆ ಹೊಸ ಪಾಲಿಶ್ ವಾಸನೆ ಇರುವಾಗ ಒಡವೆ ಇಡಬೇಡಿ. ಮುಚ್ಚಳ ತೆರೆದು ನೆರಳಿನಲ್ಲಿ ಮೂರು ನಾಲ್ಕು ವಾರ ಗಾಳಿಯಾಡಲು ಬಿಡಿ. ಮರ ಯಾವುದಾದರೂ ಸ್ವಲ್ಪ ಆಮ್ಲದ ಆವಿ ಬಿಡುತ್ತಲೇ ಇರುತ್ತದೆ. ಪ್ಲೈವುಡ್, ಎಂಡಿಎಫ್ ಹಲಗೆಗಳ ಅಂಟಿನಿಂದಲೂ ಆವಿ ಬರುತ್ತದೆ. ಚಿನ್ನಕ್ಕೆ ಅದರಿಂದ ಏನೂ ಆಗದು. ಮುತ್ತು, ಹವಳ ಮಾತ್ರ ಸುಣ್ಣದ ಜಾತಿ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಅವಕ್ಕೆ ಹುಳಿ ಕಂಡರಾಗದು. ಮುಚ್ಚಿದ ಮರದ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಇದ್ದರೆ ಹೊಳಪು ಕುಂದಿ ಮೈ ಮಂಕಾಗುತ್ತದೆ. ಶ್ರೀಗಂಧದ ಪೆಟ್ಟಿಗೆಯಲ್ಲೂ ಮುತ್ತು ಮರಕ್ಕೆ ನೇರವಾಗಿ ತಾಗದಿರಲಿ, ಗಂಧದ ಎಣ್ಣೆ ಅದಕ್ಕೆ ಒಗ್ಗುವುದಿಲ್ಲ.

ಚನ್ನಪಟ್ಟಣದ ದುಂಡು ಡಬ್ಬಿಗಳು ದಿನಬಳಕೆಯ ಉಂಗುರ, ಕಾಲುಂಗುರಕ್ಕೆ ಒಪ್ಪುತ್ತವೆ. ಹೊರಗಿನ ಬಣ್ಣ ಅರಗಿನದು, ಬಿಸಿಲು ಬೀಳುವ ಕಿಟಕಿಯಲ್ಲಿಡಬೇಡಿ.

ಬರೀ ಚಿನ್ನಕ್ಕೆ ಬೀಟೆ ಮರಕ್ಕಿಂತ ವಾಸಿ ಅಡುಗೆಮನೆಯ ಅಗಲ ಬಾಯಿಯ ಸ್ಟೀಲ್ ಡಬ್ಬಿ! ಸ್ಟೇನ್‌ಲೆಸ್ ಸ್ಟೀಲು ಆವಿ ಬಿಡುವುದಿಲ್ಲ, ಬಣ್ಣ ಬಿಡುವುದಿಲ್ಲ, ಗೆದ್ದಲು ಹತ್ತುವುದಿಲ್ಲ. ಗಂಜಿ ಹಾಕದೆ ಒಗೆದು ಚೆನ್ನಾಗಿ ಒಣಗಿಸಿದ ಹಳೆಯ ಪಂಚೆಯ ತುಂಡನ್ನು ಎರಡು ಪದರ ಹಾಸಿ, ಒಂದೊಂದು ಒಡವೆಯನ್ನೂ ಬೇರೆ ಬೇರೆ ಸುತ್ತಿಡಿ. ನೋಡುವುದಕ್ಕೆ ಕೋಡುಬಳೆ ಡಬ್ಬಿಯಂತೆ ಕಾಣುತ್ತದೆ ಎನ್ನುವುದೊಂದೇ ಕೊರತೆ, ಬೇಕಿದ್ದರೆ ಅದನ್ನೂ ಲಾಭವೆಂದೇ ಎಣಿಸಿ.

ಮನೆಯಲ್ಲೇ ಮಾಡುವ ಮೂರು ಪರೀಕ್ಷೆ

ಮೊದಲನೆಯದು ಬಣ್ಣದ್ದು. ಒದ್ದೆ ಮಾಡಿ ಹಿಂಡಿದ ಬಿಳಿ ಬಟ್ಟೆಯಿಂದ ಪೆಟ್ಟಿಗೆಯ ವೆಲ್ವೆಟ್ಟಿನ ಮೂಲೆಯನ್ನು ಹತ್ತು ಸಲ ಉಜ್ಜಿ. ಬಿಳಿ ಬಟ್ಟೆಗೆ ಬಣ್ಣ ಹತ್ತಿದರೆ ಮಳೆಗಾಲದ ತೇವಕ್ಕೆ ಮುತ್ತಿಗೂ ಹತ್ತುತ್ತದೆ. ಅಂಗಡಿಯವರು ಸುತ್ತಿಕೊಡುವ ಗುಲಾಬಿ ಕಾಗದವೂ ಇದೇ ಸಾಲಿಗೆ ಸೇರಿದ್ದು.

ಎರಡನೆಯದು ಜಿಪ್ ಕವರಿನದು. ಪಾಲಿಥೀನ್ ಆದರೆ ಒಳ್ಳೆಯದು. ಪಿವಿಸಿ ಆದರೆ ಕಾಲ ಕಳೆದಂತೆ ಅಂಟಂಟಾಗಿ ಕ್ಲೋರಿನ್ ಅಂಶ ಬಿಡುತ್ತದೆ, ಬೆಳ್ಳಿಗೆ ಕಿಲುಬು ಹಿಡಿಸುತ್ತದೆ. ಕವರಿನ ಅಂಚಿನಿಂದ ಉಗುರಿನಷ್ಟು ತುಂಡು ಕತ್ತರಿಸಿ, ಒಂದು ಹನಿ ಸೋಪು ಹಾಕಿದ ನೀರಿನಲ್ಲಿ ಬೆರಳಿನಿಂದ ಮುಳುಗಿಸಿ ಬಿಡಿ. ಪಾಲಿಥೀನ್ ಮೇಲೆ ಬರುತ್ತದೆ, ಪಿವಿಸಿ ತಳ ಸೇರುತ್ತದೆ.

ಮೂರನೆಯದಕ್ಕೆ ತಾಳ್ಮೆ ಬೇಕು. ಹಳೆಯ ಬೆಳ್ಳಿ ನಾಣ್ಯವನ್ನೋ ಮುರಿದ ಕಾಲುಂಗುರವನ್ನೋ ಹುಣಿಸೆಹಣ್ಣಿನಲ್ಲಿ ಬೆಳಗಿ, ತೊಳೆದು, ಪೂರ್ತಿ ಒಣಗಿಸಿ ಖಾಲಿ ಪೆಟ್ಟಿಗೆಯಲ್ಲಿಟ್ಟು ನಾಲ್ಕು ವಾರ ಮುಚ್ಚಿಡಿ. ಇನ್ನೊಂದು ತುಂಡನ್ನು ಹೋಲಿಸುವುದಕ್ಕೆ ಪಾಲಿಥೀನ್ ಕವರಿನಲ್ಲಿ ಬೇರೆ ಇಡಿ. ಪೆಟ್ಟಿಗೆಯದ್ದು ಹಳದಿಗೋ ಕಂದಿಗೋ ತಿರುಗಿ, ಕವರಿನದ್ದು ಹಾಗೇ ಇದ್ದರೆ ಆ ಪೆಟ್ಟಿಗೆಯ ಬಟ್ಟೆಯಲ್ಲೋ ಅಂಟಿನಲ್ಲೋ ಗಂಧಕ ಇದೆ ಎಂದು ಲೆಕ್ಕ. ಅದರಲ್ಲಿ ಬೆಳ್ಳಿ ಇಡಬೇಡಿ.

ಬೆಳ್ಳಿ ಕಪ್ಪಾಗುವುದೇ ಗಂಧಕದಿಂದ. ಉಣ್ಣೆಬಟ್ಟೆ, ರಬ್ಬರ್ ಬ್ಯಾಂಡ್ ಎರಡರಲ್ಲೂ ಅದು ಇರುತ್ತದೆ, ಅಗ್ಗದ ರಟ್ಟಿನಲ್ಲೂ ಇರಬಹುದು. ರಬ್ಬರ್ ಬ್ಯಾಂಡ್ ಹಾಕಿಟ್ಟ ಕಾಲ್ಗೆಜ್ಜೆಯಲ್ಲಿ ಬ್ಯಾಂಡ್ ತಗುಲಿದ ಜಾಗಕ್ಕೇ ಕಪ್ಪು ಗೆರೆ ಬೀಳುವುದು ಅದಕ್ಕೇ. ಗೆಜ್ಜೆಯನ್ನು ಹತ್ತಿಬಟ್ಟೆಯಲ್ಲಿ ಸುತ್ತಿ, ಪಾಲಿಥೀನ್ ಕವರಿಗೆ ಹಾಕಿ, ಗಾಳಿ ಒತ್ತಿ ತೆಗೆದು, ಒಂದು ತುಂಡು ಸೀಮೆಸುಣ್ಣ ಇಟ್ಟು ಮುಚ್ಚಿ.

ತೇವ

ಮುಂಗಾರಿನಿಂದ ದಸರೆ ಮುಗಿಯುವವರೆಗೆ ತೇವದ್ದೇ ಕಾಟ. ನಾಲೆ ಬಯಲಿನ ಮಂಡ್ಯದ ಊರುಗಳಲ್ಲಿ, ಸುತ್ತ ಗದ್ದೆಗೆ ನೀರು ಕಟ್ಟಿರುವಾಗ, ನೆಲವೇ ಜಿನುಗುತ್ತದೆ. ಬೀರುವಿನ ತಳದ ಅರೆಯಲ್ಲಿ ಪೆಟ್ಟಿಗೆ ಇಡಬೇಡಿ. ಗೋಡೆ ಬೀರುವಾದರೆ ಅದರ ಹಿಂದೆ ಬಚ್ಚಲುಮನೆ ಇದೆಯೇ ನೋಡಿ. ಗೋಡೆಗೂ ಪೆಟ್ಟಿಗೆಗೂ ನಡುವೆ ಎರಡು ಬೆರಳು ಜಾಗ ಬಿಡಿ.

ತೇವಕ್ಕೆ ಬೇಗ ಸೋಲುವುದು ಕೆಂಪಿನ ಅಡ್ಡಿಕೆ, ಜಡೆ ಬಿಲ್ಲೆಯಂಥವು. ಹಿಂದೆ ಮುಚ್ಚಿ ಕೂಡಿಸಿದ ಕಲ್ಲಿನ ಅಡಿಯಲ್ಲಿ ತಗಡಿನ ಹಾಳೆ ಇರುತ್ತದೆ. ನೀರಿನ ಪಸೆ ಒಳಗೆ ಹೋದರೆ ಹಾಳೆ ಕಪ್ಪಾಗಿ ಕಲ್ಲು ಸತ್ತಂತೆ ಕಾಣುತ್ತದೆ, ಎಷ್ಟು ಒರೆಸಿದರೂ ಬಾರದು. ಇಂಥವಕ್ಕೆ ಬಿಗಿ ಮುಚ್ಚಳದ ಡಬ್ಬಿ, ಒಂದೆರಡು ಲೀಟರ್ ಅಳತೆಯದಕ್ಕೆ 5ರಿಂದ 10 ಗ್ರಾಂ ಸಿಲಿಕಾ ಜೆಲ್, ಅಂದರೆ ತೇವ ಹೀರುವ ಕಾಳು. ಕಿತ್ತಳೆ ಬಣ್ಣದ್ದು ಕೊಳ್ಳಿ; ತೇವ ಹೀರಿದಾಗ ಹಸಿರಾಗುತ್ತದೆ. ನೀಲಿಯದರಲ್ಲಿ ಕೋಬಾಲ್ಟ್ ಇರುವುದರಿಂದ ಮಕ್ಕಳಿರುವ ಮನೆಗೆ ಬೇಡ. ಹಸಿರಾದ ಕಾಳನ್ನು ತಟ್ಟೆಯಲ್ಲಿ ಹರಡಿ ಓವನ್ನಿನಲ್ಲಿ 120 ಡಿಗ್ರಿಗೆ ಎರಡು ಗಂಟೆ ಇಟ್ಟರೆ ಮತ್ತೆ ಕೆಲಸಕ್ಕೆ ಬರುತ್ತದೆ. ಒಳಗೆ ಅರಗು ತುಂಬಿದ ಪೊಳ್ಳು ಒಡವೆಯಾದರೆ ಕಾವಿನ ಮೇಲೂ ಕಣ್ಣಿರಲಿ: ಶೀಟಿನ ಮನೆಯಲ್ಲಿ ಬೀರುವಿನ ನೆತ್ತಿಯ ಮೇಲಿಟ್ಟರೆ ಬೇಸಿಗೆಗೆ ಅರಗು ಮೆತ್ತಗಾಗಿ ಕಲ್ಲು ಕದಲುತ್ತದೆ.

ಮುತ್ತಿಗೆ ಸಿಲಿಕಾ ಜೆಲ್ ಬೇಡ. ಅತಿಯಾಗಿ ಒಣಗಿದರೆ ಅದು ಬಿರುಕು ಬಿಡುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಬಿಗಿದಿಡುವುದೂ ಬೇಡ, ಬಿಳಿ ಹತ್ತಿಚೀಲ ಸಾಕು. ಸರವನ್ನು ನೇತುಹಾಕಿದರೆ ದಾರ ಜಗ್ಗಿ ಮಣಿಗಳ ನಡುವೆ ಸಂದಿ ಬೀಳುತ್ತದೆ, ಮಲಗಿಸಿಡಿ. ನುಸಿಗುಳಿಗೆಯನ್ನು ಯಾವ ಒಡವೆಯ ಪೆಟ್ಟಿಗೆಗೂ ಹಾಕಬೇಡಿ, ರೇಷ್ಮೆ ಸೀರೆ ಪಕ್ಕದಲ್ಲೇ ಇದ್ದರೂ ಸರಿಯೇ.

ಒನ್ ಗ್ರಾಂ ಗೋಲ್ಡಿಗೆ ಹೆಚ್ಚು ಮಾತು ಬೇಡ: ಮೈಯ ಬೆವರು ಒರೆಸಿ, ಒಂದಕ್ಕೊಂದು ತಾಗದಂತೆ ಒಂದೊಂದನ್ನೂ ಬೇರೆ ಕವರಿಗೆ ಹಾಕಿ. ಮೇಲಿನ ಲೇಪ ತೆಳ್ಳಗಿರುತ್ತದೆ, ಉಜ್ಜಿದರೆ ಹೋಯಿತು.

ಅಳತೆ

ಟೇಪು ಹಿಡಿದೇ ಅಂಗಡಿಗೆ ಹೋಗಿ. ಎರಡು-ನಾಲ್ಕು ಬಳೆಯ ಒಳ ಅಗಲ ಎರಡೂಕಾಲು ಇಂಚು, ಎರಡು-ಆರರದು ಸುಮಾರು 60 ಮಿಲಿಮೀಟರ್, ಎರಡು-ಎಂಟರದು ಎರಡೂವರೆ ಇಂಚು. ಬಳೆ ಪೋಣಿಸುವ ಉರುಳೆ 4.5ರಿಂದ 5 ಸೆಂಟಿಮೀಟರ್ ದಪ್ಪವಿದ್ದರೆ ಈ ಮೂರಕ್ಕೂ ಆಗುತ್ತದೆ. ಮೈಮೇಲೆ ಉಬ್ಬುಕೆತ್ತನೆ ಇರುವ ಕಡಗಕ್ಕೆ ಪೆಟ್ಟಿಗೆಯ ಒಳ ಎತ್ತರ 9 ಸೆಂಟಿಮೀಟರ್ ಬೇಕು. ಕಡಿಮೆಯಾದರೆ ಮುಚ್ಚಳ ಒತ್ತಿ ಬಳೆ ಕೋಳಿಮೊಟ್ಟೆಯಾಕಾರಕ್ಕೆ ಬರುತ್ತದೆ.

ಕಾಸಿನ ಸರವನ್ನು ಮಡಿಸಬೇಡಿ, ಮಡಿಸಿದಲ್ಲಿ ಕೊಂಡಿ ಸವೆಯುತ್ತದೆ. ನಡುವೆ ಬಟ್ಟೆಯ ಪಟ್ಟಿ ಕೊಟ್ಟು, ಐದು ಇಂಚಿಗಿಂತ ಕಿರಿದಾಗದಂತೆ ಸುರುಳಿ ಸುತ್ತಿ. ಜುಮುಕಿಯ ಹೊಟ್ಟೆಯೊಳಗೆ ಚಿಕ್ಕ ಬಟ್ಟೆಯುಂಡೆ ಇಟ್ಟರೆ ನೆಗ್ಗುವುದಿಲ್ಲ. ಓಲೆಯ ತಿರುಪನ್ನು ಅದರದರ ಓಲೆಗೇ ಹಾಕಿಡಿ, ತಿರುಪುಗಳನ್ನು ಒಟ್ಟಿಗೆ ಡಬ್ಬಿಗೆ ಹಾಕಿದರೆ ಯಾವುದು ಯಾವುದಕ್ಕೆ ಎಂದು ಮದುವೆಯ ಬೆಳಿಗ್ಗೆ ಹುಡುಕಬೇಕಾಗುತ್ತದೆ. ಎಳೆಸರ ಗಂಟಾಗದಿರಲು ಕೊಂಡಿಯನ್ನು ಕವರಿನ ಬಾಯಿಂದ ಹೊರಗೆ ಬಿಟ್ಟು ಜಿಪ್ ಒತ್ತಿ.

ಬೀಗ, ಲಾಕರ್

ಪೆಟ್ಟಿಗೆಗಿರುವ ಪುಟ್ಟ ಬೀಗ ಮಕ್ಕಳ ಕೈಗೆ ಅಡ್ಡಿ, ಅಷ್ಟೇ. ಕಳ್ಳ ಪೆಟ್ಟಿಗೆ ಸಮೇತ ಒಯ್ಯುತ್ತಾನೆ. ಮೇಲುಕೋಟೆ ಚೆಲುವನಾರಾಯಣಸ್ವಾಮಿಯ ಕಿರೀಟವಾದ ವೈರಮುಡಿಯೂ ಉತ್ಸವದ ಹೊತ್ತು ಬಿಟ್ಟು ಉಳಿದ ದಿನ ಇರುವುದು ಮಂಡ್ಯದ ಸರ್ಕಾರಿ ಖಜಾನೆಯಲ್ಲಿ. ಮನೆಯ ಮಟ್ಟಿಗೆ ಖಜಾನೆ ಎಂದರೆ ಬ್ಯಾಂಕ್ ಲಾಕರ್. ಅದರ ಬಾಯಿ ಕಿರಿದು, ಆಳ ಹೆಚ್ಚು. ಉಬ್ಬಿದ ವೆಲ್ವೆಟ್ ಡಬ್ಬಿ ನಾಲ್ಕಿಟ್ಟರೆ ತುಂಬಿಹೋಗುತ್ತದೆ. ಪೆಟ್ಟಿಗೆ ಕೊಳ್ಳುವ ಮುಂಚೆ ಲಾಕರಿನ ಬಾಯಿ ಅಳೆದುಕೊಳ್ಳಿ, ಇಲ್ಲವೇ ಒಳಗೆ ಹತ್ತಿಬಟ್ಟೆಯಿರುವ ಚಪ್ಪಟೆ ಪೌಚ್ ಹೊಲಿಸಿ.

ರಿಸರ್ವ್ ಬ್ಯಾಂಕು 2021ರಲ್ಲಿ ಪರಿಷ್ಕರಿಸಿ 2022ರ ಜನವರಿಯಿಂದ ಜಾರಿಗೆ ತಂದ ನಿಯಮದಂತೆ, ಬೆಂಕಿ, ಕಳವು, ಕಟ್ಟಡ ಕುಸಿತ, ಸಿಬ್ಬಂದಿಯ ವಂಚನೆಯಿಂದ ಲಾಕರಿನಲ್ಲಿದ್ದದ್ದು ಹೋದರೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ 100 ಪಟ್ಟಿನವರೆಗೆ ಮಾತ್ರ. ಒಳಗೆ ಏನಿದೆ ಎಂಬ ಲೆಕ್ಕ ಬ್ಯಾಂಕಿನವರ ಬಳಿ ಇರುವುದಿಲ್ಲ. ಪ್ರತಿ ಒಡವೆಯ ತೂಕ, ಎದುರು ಮತ್ತು ಹಿಂಬದಿಯ ಫೋಟೋ, ರಸೀದಿಯ ನಕಲು ಸೇರಿಸಿ ಪಟ್ಟಿ ಮಾಡಿ. ಪಟ್ಟಿಯನ್ನು ಒಡವೆಯ ಜೊತೆ ಅದೇ ಪೆಟ್ಟಿಗೆಯಲ್ಲಿ ಇಡಬೇಡಿ. ಮನೆಯ ಇನ್ನೊಬ್ಬರಿಗೆ ಗೊತ್ತಿರುವ ಬೇರೆ ಜಾಗದಲ್ಲಿ ಇಡಿ.